ದೇವರ ಗೂಡಿನ ಮೇಲಿನ ಡಬ್ಬಿ

ನಾನು ಜೀವನದಲ್ಲಿ ಯಾರ ಮೇಲಾದರೂ ಮನಸಾರೆ ರೇಗಿದ್ದರೆ ಅದು ಉಷ್ಣತೆಯ ವಿಷಯಕ್ಕೆ. ಹೆಂಡತಿ ಸಾರಿಗೆ ಉಪ್ಪು ಮರೆತರೆ ಸುಮ್ಮನೆ ಉಂಡು ಏಳುತ್ತೇನೆ, ಲೋಕಲ್ ರೈಲಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ನಾನೇ ಸಾರಿ ಹೇಳುತ್ತೇನೆ. ಆದರೆ ಮುಂಬೈಯ ವಿಕ್ರೋಳಿಯಲ್ಲಿದ್ದ ನಮ್ಮ ಕಾರ್ಖಾನೆಯಲ್ಲಿ ತೊಟ್ಟಿಯ ಉಷ್ಣಮಾಪಕದ ಮುಳ್ಳು ಐವತ್ತೈದು ಡಿಗ್ರಿ ದಾಟಿತೆಂದರೆ ನನ್ನ ಗಂಟಲು ಗೇಟಿನವರೆಗೂ ಕೇಳುತ್ತಿತ್ತು. ಬಟ್ಟೆ ಒಗೆಯುವ ಪುಡಿಗೆ ಬೆರೆಸುವ ಕಿಣ್ವಗಳನ್ನು ಅಲ್ಲಿ ತಯಾರಿಸುತ್ತಿದ್ದೆವು, ನಾನು ಕೆಮಿಸ್ಟು. ನಿವೃತ್ತನಾಗಿ ಚೆಂಬೂರಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಕೂತ ಮೇಲೂ ಆ ಗಂಟಲು ಇಳಿದಿಲ್ಲ. ಕೇಳುವವರು ಮಾತ್ರ ಕಡಿಮೆಯಾಗಿದ್ದಾರೆ.

ಕಡಿಮೆ ಎಂದರೆ ಇಬ್ಬರು. ಒಬ್ಬಳು ಹೆಂಡತಿ ವಿಮಲಾ, ಇನ್ನೊಬ್ಬಳು ಮನೆಗೆಲಸಕ್ಕೆ ಬರುವ ವಿಜಯಪುರದ ಕಡೆಯ ಕಮಲವ್ವ. ಇಬ್ಬರಿಗೂ ಕಿಣ್ವದ ಪಾಠ ಬೇಕಾದಷ್ಟು ಸಲ ಆಗಿದೆ. ಕುರ್ಲಾ ಸ್ಟೇಷನ್ನಿನಲ್ಲಿ ಬಾಗಿಲಿಗೆ ಜೋತುಬಿದ್ದು, ಹತ್ತುವವರ ಕೈ ಹಿಡಿದು ಒಳಗೆಳೆದುಕೊಳ್ಳುವ ಪುಣ್ಯಾತ್ಮ ಒಬ್ಬ ಇರುತ್ತಾನಲ್ಲ, ಕಿಣ್ವ ಅಂಥದ್ದು. ಅವನಿಲ್ಲದಿದ್ದರೂ ಜನ ಹೇಗೋ ಹತ್ತಿಯಾರು, ಆದರೆ ಅಷ್ಟರಲ್ಲಿ ಗಾಡಿ ಹೋಗಿರುತ್ತದೆ. ನೂರು ಜನರನ್ನು ಹತ್ತಿಸಿದರೂ ಅವನು ಸವೆಯುವುದಿಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಮತ್ತೆ ಕೈ ಚಾಚುತ್ತಾನೆ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಇಂಥವರು ಸಾವಿರಾರು ಮಂದಿ, ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಜೊಲ್ಲಿನಲ್ಲಿರುವವನು ಅನ್ನದ ಪಿಷ್ಟವನ್ನು ಮುರಿಯುತ್ತಾನೆ, ತುಪ್ಪದ ತಂಟೆಗೆ ಹೋಗುವುದಿಲ್ಲ. ಎಲ್ಲವೂ ಮಡಿಕೆಯ ಮಹಿಮೆ. ಉದ್ದನೆಯ ಪ್ರೋಟೀನಿನ ದಾರ ಒಂದು ರೀತಿಯಲ್ಲಿ ಮಡಚಿಕೊಂಡು ಒಂದು ಸಂದು ಬಿಟ್ಟಿರುತ್ತದೆ, ಆ ಸಂದಿಗೆ ಹೊಂದುವ ವಸ್ತು ಮಾತ್ರ ಅಲ್ಲಿ ಕೂರುತ್ತದೆ. ಚಳಿಯಾದರೆ ಕಿಣ್ವ ತೂಕಡಿಸುತ್ತದೆ, ಬೆಚ್ಚಗಾದರೆ ಮತ್ತೆ ಏಳುತ್ತದೆ. ಹುಳಿಯೋ ಕ್ಷಾರವೋ ಮಿತಿ ಮೀರಿದರೆ ಕೆಡುತ್ತದೆ. ಬಿಸಿ ಮಿತಿ ಮೀರಿದರಂತೂ ಮಡಿಕೆ ಬಿಚ್ಚಿಹೋಗುತ್ತದೆ. ಬೆಂದ ಮೊಟ್ಟೆ ಮತ್ತೆ ಹಸಿ ಮೊಟ್ಟೆಯಾಗುವುದುಂಟೇ?

ಇದನ್ನೆಲ್ಲ ಕಮಲವ್ವ ಪಾತ್ರೆ ತಿಕ್ಕುತ್ತಾ ಕೇಳಿ, "ಹಂಗಾರ ಅದೂ ನಮ್ಮಂಗರಿ ಸಾಹೇಬ್ರ. ದುಡಿಯೂದು ಅದು, ಹೆಸರು ಮಂದೀದು" ಎಂದಿದ್ದಳು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಒಳ್ಳೆಯ ವಿದ್ಯಾರ್ಥಿನಿ ಅವಳೇ.

ವಿಮಲಾಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಬೆರಳು ಚುಚ್ಚಿ ರಕ್ತ ನೋಡುವ ಪುಟ್ಟ ಯಂತ್ರ ಮನೆಗೆ ಬಂದಾಗ ನನಗೆ ನೆಂಟರು ಬಂದಷ್ಟು ಸಂತೋಷವಾಯಿತು. ರಕ್ತದ ಹನಿ ಮುಟ್ಟಿಸಲು ಅದಕ್ಕೆ ಸಿಕ್ಕಿಸುವ ಪುಟ್ಟ ಪಟ್ಟಿ, ಅಂದರೆ ಸ್ಟ್ರಿಪ್ಪಿನ ತುದಿಯಲ್ಲಿ ಒಣಗಿಸಿ ಬಳಿದಿರುವುದು ಕಿಣ್ವವೇ. ರಕ್ತದಲ್ಲಿರುವ ಅಷ್ಟೆಲ್ಲ ಸಾಮಾನಿನ ನಡುವೆ ಅದು ಸಕ್ಕರೆಯೊಂದನ್ನೇ ಹುಡುಕಿ ಹಿಡಿಯುತ್ತದೆ, ಆಗ ಹುಟ್ಟುವ ಚೂರು ವಿದ್ಯುತ್ತನ್ನು ಯಂತ್ರ ಅಳೆದು ಅಂಕಿ ತೋರಿಸುತ್ತದೆ. ಸ್ಟ್ರಿಪ್ಪಿನ ಡಬ್ಬಿಯ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ನಮ್ಮಂಥ ಮನೆಯಲ್ಲಿ ಖಾಲಿ ಜಾಗ ಎಲ್ಲಿಂದ ಬರಬೇಕು? ನಡುಮನೆಯ ಗೋಡೆಗೆ ಹೊಡೆದಿದ್ದ ದೇವರ ಗೂಡಿನ ನೆತ್ತಿಯೊಂದೇ ಬರಿದಾಗಿತ್ತು. ಅಲ್ಲಿಟ್ಟರೆ ಮರೆಯುವುದಿಲ್ಲ, ಮಡಿ ಎಂದು ಕಮಲವ್ವ ಮುಟ್ಟುವುದೂ ಇಲ್ಲ. ಡಬ್ಬಿಯ ಮುಚ್ಚಳ ಬಲು ಬಿಗಿ, ವಿಮಲಾಳ ಬೆರಳಿಗೆ ಕಷ್ಟ ಎಂದು ಅದನ್ನು ಸುಮ್ಮನೆ ಮೇಲಿಟ್ಟಿರುತ್ತಿದ್ದೆ. ಡಬ್ಬಿಯ ಜೊತೆ ಬಂದ ಸಣ್ಣಕ್ಷರದ ಚೀಟಿಯನ್ನು ಓದಲಿಲ್ಲ. ಕಿಣ್ವದ ಬಗ್ಗೆ ನನಗೆ ಬುದ್ಧಿ ಹೇಳಲು ಅವರು ಯಾರು?

ಏಪ್ರಿಲ್‌ನಲ್ಲಿ ಅಂಕಿಗಳು ಇಳಿಯತೊಡಗಿದವು. ನೂರ ನಲವತ್ತು, ನೂರ ಹತ್ತು, ತೊಂಬತ್ತು. ನನ್ನ ಪಥ್ಯದ ಶಿಸ್ತಿಗೆ ಸಂದ ಜಯ ಎಂದುಕೊಂಡೆ. ಡಾಕ್ಟರಿಗೆ ಯಾಕೆ ತೊಂದರೆ ಎಂದು ಇನ್ಸುಲಿನ್ನನ್ನು ನಾನೇ ಎರಡು ಯೂನಿಟ್ ಇಳಿಸಿದೆ, ವಾರ ಕಳೆದು ಇನ್ನೆರಡು. "ಯಾಕೋ ಬಾಯಿ ಒಣಗ್ತಾನೇ ಇರುತ್ತೆ ರೀ" ಎಂದು ವಿಮಲಾ ಎರಡು ಮೂರು ಸಲ ಹೇಳಿದಳು. "ಈ ಮುಂಬೈ ಸೆಕೆಯಲ್ಲಿ ಯಾರ ಬಾಯಿ ಒಣಗಲ್ಲ?" ಎಂದೆ. ಉಷ್ಣತೆಯ ವಿಷಯದಲ್ಲಿ ನಾನು ಆಡಿದ ಅತ್ಯಂತ ದಡ್ಡ ಮಾತು ಅದು.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳು ಅಡುಗೆಮನೆಯಿಂದ ಬಂದು ಸೋಫಾದ ಮೇಲೆ ಕುಸಿದಳು. ತಲೆ ಸುತ್ತು, ಕಣ್ಣು ಮಂಜು. ಬೆರಳು ಚುಚ್ಚಿ ನೋಡಿದೆ. ಐವತ್ತೆರಡು. ಸಕ್ಕರೆ ಅಷ್ಟು ಇಳಿದರೆ ಏನಾಗಬಹುದೆಂದು ನನಗೆ ಚೆನ್ನಾಗಿ ಗೊತ್ತು. ಓಡಿಹೋಗಿ ಗ್ಲೂಕೋಸ್ ಕದಡಿ ತಂದು ಕುಡಿಸಿದೆ. ಹದಿನೈದು ನಿಮಿಷ ಗಡಿಯಾರ ನೋಡುತ್ತಾ ಕೂತು ಮತ್ತೆ ಚುಚ್ಚಿದೆ. ನಲವತ್ತೊಂಬತ್ತು. ಕುಡಿಸಿದ ಸಕ್ಕರೆ ಎಲ್ಲಿ ಹೋಯಿತು? ಈ ಸಲ ಪುಡಿಯನ್ನೇ ಚಮಚದಲ್ಲಿ ತುಂಬಿ ಬಾಯಿಗೆ ಹಿಡಿದೆ. ನನ್ನ ಕೈ ಸ್ಥಿರವಾಗಿಯೇ ಇತ್ತೆಂದು ನನ್ನ ಭಾವನೆ. ಒಂದು ಚಮಚ ನುಂಗಿದಳು, ಎರಡನೆಯದಕ್ಕೆ ಬಾಯಿ ತೆರೆಯಲಿಲ್ಲ.

"ಮೊದಲು ನಿಮ್ಮ ಬೆರಳು ಚುಚ್ಚಿಕೊಳ್ಳಿ" ಎಂದಳು.

"ನನಗೇನಾಗಿದೆ? ಸುಮ್ನೆ ಬಾಯಿ ತೆಗಿ."

"ಚುಚ್ಕೊಳ್ಳಿ ಅಂದೆನಲ್ಲ."

ಕಮಲವ್ವ ಪೊರಕೆ ಹಿಡಿದು ನಿಂತಿದ್ದವಳು, "ಅಮ್ಮಾರು ಹೇಳಿದ್ದು ಮಾಡ್ರಿ ಸಾಹೇಬ್ರ" ಎಂದಳು. ವಾದಿಸಲು ಸಮಯವಿರಲಿಲ್ಲ, ಚುಚ್ಚಿಕೊಂಡೆ. ಮೂವತ್ತೆಂಟು. ಕೈ ತೊಳೆದು ಬಂದು ಇನ್ನೊಂದು ಬೆರಳು ಚುಚ್ಚಿಕೊಂಡೆ. ಮೂವತ್ತೇಳು. ಎರಡು ಬಾಳೆಹಣ್ಣು, ಸಕ್ಕರೆ ಹಾಕಿದ ಒಂದು ಲೋಟ ಕಾಫಿ ಮುಗಿಸಿ ಗಟ್ಟಿಯಾಗಿ ಕೂಗಾಡುತ್ತಿದ್ದ ನಾನು, ಆ ಯಂತ್ರದ ಪ್ರಕಾರ, ಪ್ರಜ್ಞೆ ತಪ್ಪಿ ಬಿದ್ದಿರಬೇಕಾಗಿತ್ತು.

ತಲೆಯೆತ್ತಿ ದೇವರ ಗೂಡಿನ ಕಡೆ ನೋಡಿದೆ. ವಿಮಲಾ ಬೆಳಿಗ್ಗೆ ಹಚ್ಚಿದ್ದ ಎಣ್ಣೆ ದೀಪ ಒಳಗೆ ಇನ್ನೂ ಉರಿಯುತ್ತಿತ್ತು. ಅದರ ನೇರ ಮೇಲೆ, ಮುಚ್ಚಳ ಸಡಿಲವಾಗಿದ್ದ ಡಬ್ಬಿ. ಬೆಳಿಗ್ಗೆ ಸಂಜೆ ದೀಪದ ಬಿಸಿ, ಉಳಿದ ಹೊತ್ತು ಈ ಊರಿನ ತೇವ. ಸ್ಟ್ರಿಪ್ಪಿನ ಕಿಣ್ವ ಪೂರ್ತಿ ಸತ್ತಿದ್ದರೆ ಯಂತ್ರ ಎರರ್ ಎಂದಾದರೂ ತೋರಿಸುತ್ತಿತ್ತೇನೋ. ಅರ್ಧ ಸತ್ತ ಕಿಣ್ವ ಕೈಲಾದಷ್ಟು ಸಕ್ಕರೆ ಹಿಡಿದು, ಬಾಕಿಯದನ್ನು ಬಿಟ್ಟು, ಯಾವ ಸಂಕೋಚವೂ ಇಲ್ಲದೆ ಅಂಕಿ ಕೊಡುತ್ತಿತ್ತು. ಆ ಅಂಕಿ ನಂಬಿ ನಾನು ಇನ್ಸುಲಿನ್ ಇಳಿಸಿದ್ದೆ. ಈಗ ಸಕ್ಕರೆಯನ್ನೂ ಕುಡಿಸಿದ್ದೆ.

ಕಮಲವ್ವ ಆಗಲೇ ಕೆಳಗಿನ ಮಹಡಿಯ, ತಮಗೂ ಸಕ್ಕರೆ ಕಾಯಿಲೆಯಿದ್ದ ಮರಾಠಿ ಹೆಂಗಸು ಜೋಶಿ ಕಾಕುವನ್ನು ಅವರ ಯಂತ್ರದ ಸಮೇತ ಕರೆತಂದಿದ್ದಳು. "ಕಾಯ್ ಝಾಲಂ, ಏನಾಯ್ತು?" ಎನ್ನುತ್ತಲೇ ಕಾಕು ವಿಮಲಾಳ ಬೆರಳನ್ನು ಸೋಪು ಹಾಕಿ ತೊಳೆದು ಒರೆಸಿ, ತಮ್ಮ ಸ್ಟ್ರಿಪ್ಪಿನಿಂದ ನೋಡಿದರು. ಐದು ಸೆಕೆಂಡು. ನಾನೂರ ಮೂವತ್ತೊಂದು.

ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅವಳ ಕೈ ಹಿಡಿದು ಉಸಿರು ಎಣಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಮೂರು ದಿನ. ಮೊದಲ ದಿನ ಡಾಕ್ಟರು, "ಬಾಯಾರಿಕೆ ಎಷ್ಟು ದಿನದಿಂದ?" ಎಂದು ಕೇಳಿದರು. ವಿಮಲಾ ನನ್ನ ಮುಖ ನೋಡಿ, "ನೆನಪಿಲ್ಲ" ಎಂದಳು. ಅವಳಿಗೆ ಚೆನ್ನಾಗಿ ನೆನಪಿತ್ತು. ಮೂರು ವಾರ ಎಂದು ನಾನೇ ಹೇಳಿದೆ.

ಈಗ ಹೊಸ ಡಬ್ಬಿ ಅವಳ ಬೀರುವಿನಲ್ಲಿ, ಕಾಟನ್ ಸೀರೆಗಳ ನಡುವೆ ತಂಪಾಗಿದೆ. ಬೆಳಿಗ್ಗೆ ಮುಚ್ಚಳ ತೆರೆಯುವುದು ಕಮಲವ್ವನ ಕೆಲಸ, ಟಪ್ಪೆಂದು ಮುಚ್ಚುವುದೂ ಅವಳೇ. ಬೆರಳು ಮುಂದೆ ಚಾಚುವ ಮೊದಲು ವಿಮಲಾ, "ಮೊದಲು ಕೇಳಿ" ಎನ್ನುತ್ತಾಳೆ. ನಾನು, "ಹೇಗಿದ್ದೀಯ?" ಎನ್ನಬೇಕು. ಬಿಲ್ಡಿಂಗಿನ ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ಕೇಳುವ ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ಅವಳು ಕಾಲಿನ ಜುಮ್ಮು, ರಾತ್ರಿಯ ನಿದ್ದೆ, ಬಾಯಿಯ ರುಚಿ ಎಲ್ಲವನ್ನೂ ಸಾವಕಾಶವಾಗಿ ಹೇಳುತ್ತಾಳೆ. ಹತ್ತು ನಿಮಿಷ ಹಿಡಿಯುತ್ತದೆ. ಆಮೇಲೆ ಯಂತ್ರ.

ನಿನ್ನೆ ಎಲ್ಲ ಹೇಳಿ ಮುಗಿಸಿ, "ನೀವು ಹೇಗಿದ್ದೀರಿ?" ಎಂದಳು. ಅದಕ್ಕೆ ನನ್ನ ಬಳಿ ಅಂಕಿ ಇರಲಿಲ್ಲ. "ಆವತ್ತು ತುಂಬ ಹೆದರಿಬಿಟ್ಟಿದ್ದೆ ಕಣೇ" ಎಂದೆ.

"ಗೊತ್ತು" ಎಂದಳು ವಿಮಲಾ. "ಚಮಚ ನನ್ನ ಹಲ್ಲಿಗೆ ತಾಗಿ ಸದ್ದು ಮಾಡ್ತಿತ್ತು."