ಗೊಂಡೆಯ ತನಕ

ಫಿಲ್ಮಿನ ಅವಧಿ ಮುಗಿದಿರಬಹುದಿತ್ತು. ಕ್ಯಾಮೆರಾದ ಒಳಗಿನ ಬಟ್ಟೆಯ ಪರದೆಗೆ ಸೂಜಿಮೊನೆಯಷ್ಟು ತೂತು ಬಿದ್ದು ಬೆಳಕು ಸೋರಬಹುದಿತ್ತು. ಹಲ್ಲುಚಕ್ರಕ್ಕೆ ಫಿಲ್ಮು ಕಚ್ಚದೇ ಹೋಗಿ, ನಾನು ಬರೀ ಕೀಲಿ ತಿರುಗಿಸುತ್ತ, ಬಹಳ ಗಂಭೀರವಾಗಿ ಗುಂಡಿ ಒತ್ತುತ್ತ ನಿಂತಿರಬಹುದಿತ್ತು. ಲೆನ್ಸಿನ ಮುಚ್ಚಳ ತೆಗೆಯುವುದನ್ನೇ ಮರೆಯಬಹುದಿತ್ತು. ಈ ಜಾತಿಯ ಹಳೆಯ ಕ್ಯಾಮೆರಾಗಳಲ್ಲಿ ನಾವು ನೋಡುವ ಕಿಂಡಿಯೇ ಬೇರೆ, ಚಿತ್ರ ಹಿಡಿಯುವ ಲೆನ್ಸೇ ಬೇರೆ. ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಬೆಳ್ಳಗೆ ಕಾಣುತ್ತಿರುತ್ತದೆ. ಧಾರವಾಡದ ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿದಿರಬಹುದಿತ್ತು. ಫಿಲ್ಮು ತೊಳೆಯುವಾಗ ನಳ ನಿಂತುಬಿಡಬಹುದಿತ್ತು. ಅಕ್ಕ ಅಳಬಹುದಿತ್ತು. ಅಕ್ಕನಿಗಿಂತ ಮೊದಲು ನಾನೇ ಅಳಬಹುದಿತ್ತು.

ಇಷ್ಟನ್ನೂ ಅಕ್ಕನ ಫೋಟೋ ತೆಗೆಯುವ ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ತಯಾರಾಗಿ ಬಂದ ಬಿಡಿಭಾಗಗಳಲ್ಲಿ ದೋಷ ಹುಡುಕುವುದು ನನ್ನ ಕೆಲಸ. ನನಗೆ ಸಂಬಳ ಬರುವುದೇ ಅನುಮಾನ ಪಡುವುದಕ್ಕೆ. ಸಂಜೆ ಮನೆಗೆ ಬಂದ ಮೇಲೂ ಆ ಅನುಮಾನದ ಯಂತ್ರ ಬಂದ್ ಆಗುವುದಿಲ್ಲ.

ಅಕ್ಕ ಉಪ್ಪಿನಬೆಟಗೇರಿಯ ಸಾಲೆಯಲ್ಲಿ ಟೀಚರು. ಅವಳ ಹೆಸರು ಆ ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತೋ, ಅನುಮಾನ. ಎಲ್ಲರಿಗೂ ಅವಳು ‘ಜಡಿ ಅಕ್ಕೋರು’. ಮೊಣಕಾಲಿಗೆ ಬರುವ ಜಡೆ. ಬಸ್ಸಿನ ಕಂಡಕ್ಟರೂ ಅಷ್ಟೇ: “ಜಡಿ ಅಕ್ಕೋರು ಬಂದ್ರು, ಸ್ವಲ್ಪ ಸರೀರಿ, ಯಾರರೆ ಜಡಿ ತುಳದೀರಿ!” ನಾನು ಸಣ್ಣವನಿದ್ದಾಗ ಅವಳ ಜೊತೆ ಸಾಲೆಗೆ ಹೋಗುವಾಗ ಅವಳ ಕೈ ಹಿಡಿಯುತ್ತಿರಲಿಲ್ಲ, ಜಡೆಯ ತುದಿಯ ಗೊಂಡೆ ಹಿಡಿಯುತ್ತಿದ್ದೆ. ಟಾಂಗಾ ಬಂದರೆ ಅಂಜಿಕೆ, ನಾಯಿ ಬಂದರೆ ಅಂಜಿಕೆ, ಏನೂ ಬರದಿದ್ದರೆ ಯಾಕೆ ಬರಲಿಲ್ಲವೆಂದು ಅಂಜಿಕೆ.

ಆ ಸೋಮವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳಿಗೆ ಚಿಕಿತ್ಸೆ ಶುರುವಾಗಬೇಕಿತ್ತು. ಕೂದಲು ಉದುರುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಉದುರುವುದನ್ನು ನೋಡುತ್ತ ಕೂರುವ ಬದಲು ಭಾನುವಾರ ಸಂಜೆ ತಾನೇ ತೆಗೆಸಿಬಿಡುತ್ತೇನೆ ಎಂದು ಅಕ್ಕ ಮನಸ್ಸು ಗಟ್ಟಿ ಮಾಡಿಕೊಂಡಳು. ಅದಕ್ಕಿಂತ ಮೊದಲು ಒಂದು ಫೋಟೋ ಬೇಕಂತೆ. ನಾನು ಫೋನು ತೆಗೆದೆ.

“ಅದು ಬ್ಯಾಡ,” ಅಂದಳು. “ಫೋನಿನ್ಯಾಗ ತಗದ್ರ ಚಾ ಕುಡಿಯೂದ್ರಾಗ ಬಳಗದ ಮಂದಿ ಫೋನಿನ್ಯಾಗೆಲ್ಲ ನಾ ಇರ್ತೇನಿ. ಎಲ್ಲಾರೂ ಕೈ ಮುಗಿಯೂ ಚಿತ್ರ ಕಳಸ್ತಾರ. ಇನ್ನೂ ಜೀವಂತ ಅದೇನಿ, ನನಗ್ಯಾಕ ಕೈ ಮುಗೀಬೇಕು? ನಿನ್ನ ಹಳೇ ಡಬ್ಬಿ ತಗೊಂಡ ಬಾ. ಒಂದ ಫೋಟೋ, ಕಾಗದದ ಮ್ಯಾಲ. ಬೈತಲಿಯಿಂದ ಗೊಂಡಿ ತನಕ ಪೂರಾ ಜಡಿ ಬರಬೇಕು. ಮತ್ತ ಸಾಲಿಗೆ ಹೋದ ದಿನ ಹುಡುಗ್ರು ‘ಜಡಿ ಎಲ್ರೀ ಅಕ್ಕೋರ’ ಅಂದ್ರ ತೋರಸ್ತೇನಿ.”

ಮತ್ತೆ ಸಾಲೆಗೆ ಹೋದ ದಿನ. ಆ ಮಾತನ್ನು ಅವಳು ಎಷ್ಟು ಸಹಜವಾಗಿ ಆಡಿದಳೆಂದರೆ, ಆ ದಿನ ಬರುವುದೋ ಇಲ್ಲವೋ ಎಂಬುದು ನನ್ನ ಫೋಟೋದ ಮೇಲೆಯೇ ನಿಂತಂತೆ ನನಗನಿಸಿತು.

ನನ್ನ ಡಬ್ಬಿಗಳ ಬಗ್ಗೆ ಎರಡು ಮಾತು. ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾಗಳು ನನ್ನ ಚಟ. ಸೀಸದಷ್ಟು ಭಾರದ ರಷ್ಯಾದವು, ಗಡಿಯಾರದ ಹಾಗೆ ಸಣ್ಣಗೆ ಟಿಕ್ಕೆನ್ನುವ ಜಪಾನಿನವು, ಯಾರದೋ ಅಜ್ಜನ ಟ್ರಂಕಿನಿಂದ ಬಂದ ಒಂದು ಜರ್ಮನಿಯದು, ಬಿಡಿ ಲೆನ್ಸುಗಳು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಅವನ್ನಿಟ್ಟ ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಟ್ಟಿರುತ್ತೇನೆ. “ಕಾವಿಗಿ ಇಟ್ಟಂಗ ಇಟ್ಟೀರಲ್ರಿ,” ಎನ್ನುತ್ತಾಳೆ ಹೆಂಡತಿ, “ಮರಿ ಯಾವಾಗ ಹೊರಗ ಬರ್ತಾವ?” ಖರೇ ಹೇಳಬೇಕೆಂದರೆ, ನಾನು ಫೋಟೋ ತೆಗೆದದ್ದಕ್ಕಿಂತ ಅವನ್ನು ಒರೆಸಿದ್ದೇ ಹೆಚ್ಚು. ಒರೆಸಿದರೆ ಏನೂ ಕೆಡುವುದಿಲ್ಲ.

ಭಾನುವಾರ ಮುಂಜಾನೆ ಜರ್ಮನಿಯದನ್ನು ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಅದು ಕೈಕೊಟ್ಟರೆ ಇರಲೆಂದು ಚೀಲದಲ್ಲಿ ಜಪಾನಿನದು. ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಅವಳು ಆಗಲೇ ಕೂತಿದ್ದಳು. ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದ ಜಡೆ ಹೆಗಲ ಮೇಲಿಂದ ಮುಂದೆ ಇಳಿದು ತೊಡೆಯ ಮೇಲೆ ಮಲಗಿತ್ತು. ತುದಿಗೆ ಅವ್ವನ ಕರಿ ರೇಷ್ಮೆಯ ಗೊಂಡೆ. ನೆಲ ಒದ್ದೆಯಿತ್ತು, ಮೋಡದ ಮೆತ್ತನೆಯ ಬೆಳಕು. ಕೆಡಬಹುದಾದವುಗಳ ಪೈಕಿ ಬೆಳಕು ಮಾತ್ರ ನನ್ನ ಪರವಾಗಿತ್ತು.

ಪೂರ್ತಿ ಜಡೆ ಬರಬೇಕೆಂದು ಕ್ಯಾಮೆರಾವನ್ನು ಅಡ್ಡ ಹಿಡಿಯದೆ ಉದ್ದಕ್ಕೆ ತಿರುಗಿಸಿಕೊಂಡೆ. ಕಿಂಡಿಯ ನಡುವೆ ಹಳದಿ ಚುಕ್ಕೆಯೊಂದಿರುತ್ತದೆ. ಎದುರಿನವರು ಅದರಲ್ಲಿ ಎರಡೆರಡಾಗಿ ಕಾಣುತ್ತಾರೆ. ಲೆನ್ಸಿನ ಅಂಚಿನ ಸಣ್ಣ ಹಿಡಿಯನ್ನು ಬೆರಳಿನಿಂದ ಸರಿಸುತ್ತ ಹೋದರೆ ಆ ಎರಡೂ ಒಂದರ ಮೇಲೊಂದು ಬಂದು ಕೂರುತ್ತವೆ. ಆಗ ಫೋಕಸ್ ಸರಿ ಎಂದು ಲೆಕ್ಕ. ನಾನು ಸರಿಸುತ್ತಿದ್ದೆ, ಮತ್ತೆ ಹಿಂದೆ ತರುತ್ತಿದ್ದೆ, ಮತ್ತೆ ಸರಿಸುತ್ತಿದ್ದೆ.

“ಏನ್ ಮಾಡಾಕತ್ತೀಯೋ ಇಷ್ಟೊತ್ತು?”

“ಎರಡ ಎರಡ ಕಾಣಾಕತ್ತೀ ಅಕ್ಕಾ. ಕೂಡಸಾಕತ್ತೇನಿ.”

“ನಾ ಎರಡ ಅದೇನೇನು?” ಅಂದಳು. “ಹಂಗಿದ್ರ ಕೂಡಸಬ್ಯಾಡ. ಒಬ್ಬಾಕಿನ್ನ ನಾಳೆ ದವಾಖಾನಿಗೆ ಕಳಸು. ಇನ್ನೊಬ್ಬಾಕಿ ಸಾಲಿಗೆ ಹೋಗ್ಲಿ.”

ನಾನು ನಗಲಿಲ್ಲ. ನಕ್ಕರೆ ಕೈ ಅಲುಗುತ್ತದೆ. ಹಳದಿ ಚುಕ್ಕೆಯೊಳಗೆ ಇಬ್ಬರು ಅಕ್ಕಂದಿರು ಮೆಲ್ಲಗೆ ಹತ್ತಿರ ಬಂದು ಒಬ್ಬಳಾದರು. ಗುಂಡಿ ಒತ್ತಿದೆ. ಅನುಮಾನಕ್ಕೆ ಮತ್ತೆರಡು ಸಲ ಒತ್ತಿದೆ, ಹಾಗೆಯೇ ನಿಂತು, ಕೈ ಒಂದಿಷ್ಟೂ ಕದಲಿಸದೆ. ಅಕ್ಕ ಮೂರು ಸಲವೂ ಕಣ್ಣು ಮಿಟುಕಿಸಲಿಲ್ಲ.

ಸಂಜೆ ಕೂದಲು ತೆಗೆಯುವವಳು ಮನೆಗೇ ಬಂದಳು. ನಾನು ಅಲ್ಲಿರಲಿಲ್ಲ. ಇರಬೇಡ ಎಂದು ಅಕ್ಕನೇ ಹೇಳಿದ್ದಳು.

ಮುಂದಿನ ಭಾನುವಾರ ಮಧ್ಯಾಹ್ನ ನಮ್ಮ ಬಚ್ಚಲುಮನೆಯಲ್ಲಿ ಫಿಲ್ಮು ತೊಳೆದೆ. ನಳ ನಿಲ್ಲಲಿಲ್ಲ, ಆದರೂ ಕೊಡಗಳನ್ನೆಲ್ಲ ತುಂಬಿಸಿಟ್ಟಿದ್ದೆ. ದ್ರಾವಣ ಬಿಸಿಯಾಗಿರಲಿಲ್ಲ, ಪರದೆಗೆ ತೂತಿರಲಿಲ್ಲ. ಒದ್ದೆ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರೆ ಮೂರು ಚೌಕದಲ್ಲೂ ಅಕ್ಕ. ಮೂರರಲ್ಲೂ ಕೆಳಗಿನ ಅಂಚಿನಲ್ಲಿ, ಅದೇ ಜಾಗದಲ್ಲಿ, ಉಂಡೆಯಂಥದೊಂದು ಕಲೆ.

ವೃತ್ತಿ ಎದ್ದು ನಿಂತಿತು. ಬೆಳಕು ಸೋರಿದ್ದೇ? ಸೋರಿದ್ದರೆ ಅಂಚು ಹೀಗಿರುವುದಿಲ್ಲ. ದ್ರಾವಣದ ಗುಳ್ಳೆಯೇ? ಗುಳ್ಳೆ ಮೂರು ಸಲ ಒಂದೇ ಜಾಗದಲ್ಲಿ ಕೂರುವುದಿಲ್ಲ. ಲೆನ್ಸ್ ಬಿಚ್ಚಿ ಬ್ಯಾಟರಿಯ ಬೆಳಕಿನಲ್ಲಿ ಬೂಷ್ಟು ಹುಡುಕಿದೆ. ಪರದೆಯ ಸ್ಪ್ರಿಂಗನ್ನು ಸಂಶಯಿಸಿದೆ. ಜರ್ಮನಿಯನ್ನೇ ಸಂಶಯಿಸಿದೆ. ಹುಬ್ಬಳ್ಳಿಯ ಸ್ಟುಡಿಯೋ ಒಂದು ಬಾಗಿಲು ಹಾಕಿದಾಗ ತಂದಿದ್ದ ಹಳೆಯ ಯಂತ್ರದಲ್ಲಿ ದೊಡ್ಡದಾಗಿ ಮುದ್ರಿಸಿ ನೋಡಿದರೂ ಕಾರಣ ಸಿಗಲಿಲ್ಲ. ಮತ್ತೆ ತೆಗೆಯೋಣವೆಂದರೆ ಜಡೆಯೇ ಇಲ್ಲ. ಆ ಕಾಗದವನ್ನೇ ಹಿಡಿದುಕೊಂಡು ಹೋದೆ.

ಅಕ್ಕ ತಲೆಗೆ ಹಳೆಯ ಹತ್ತಿ ಸೀರೆಯ ತುಂಡು ಕಟ್ಟಿಕೊಂಡು ಒರಗಿ ಕೂತಿದ್ದಳು. ಮುಖ ಒಂದೇ ವಾರದಲ್ಲಿ ಸಣ್ಣದಾಗಿತ್ತು. ಫೋಟೋವನ್ನು ಬಹಳ ಹೊತ್ತು ನೋಡಿದಳು.

“ಛಲೋ ಬಂದೈತಿ. ಕಣ್ಣಾಗ ಅಂಜಿಕಿ ಕಾಣೂದಿಲ್ಲ ಅಲಾ?”

“ಇಲ್ಲ.”

“ಹಂಗಿದ್ರ ನಿನ್ನ ಡಬ್ಬಿ ಸುಳ್ಳ ಹೇಳ್ತೈತಿ.”

ಬೈತಲೆಯಿಂದ ಹಿಡಿದು ಜಡೆಯ ಉದ್ದಕ್ಕೂ ಕಾಗದದ ಮೇಲೆ ಬೆರಳಾಡಿಸುತ್ತ ಬಂದಳು. ಹೆಗಲು, ಎದೆ, ತೊಡೆ. ಬೆರಳು ನಿಂತಿತು.

“ಗೊಂಡಿ ಎಲ್ಲೈತೋ?”

ನಾನು ಶುರು ಮಾಡಿದೆ: ಹಳೇ ಲೆನ್ಸು, ಬೆಳಕಿನ ಪ್ರತಿಫಲನ, ಫಿಲ್ಮಿನ ತಯಾರಿಕೆಯಲ್ಲೇ ದೋಷ ಇರಬಹುದು... ಅಕ್ಕ ಟೀಚರು, ಹುಡುಗರು ಹೇಳುವ ಕಾರಣಗಳನ್ನು ಪೂರ್ತಿ ಕೇಳುವ ರೂಢಿ ಅವಳಿಗಿಲ್ಲ. ನನ್ನ ಎಡಗೈ ಎಳೆದುಕೊಂಡು, ತೋರುಬೆರಳನ್ನು ಆ ಮಬ್ಬು ಉಂಡೆಯ ಪಕ್ಕಕ್ಕಿಟ್ಟಳು. ಅದೇ ದುಂಡು, ಅದೇ ಬಾಗು.

“ಇದು ನಿನ್ನ ಬೆರಳ ಅಲ್ಲೇನ?”

ಹೌದು. ಕ್ಯಾಮೆರಾ ಉದ್ದಕ್ಕೆ ತಿರುಗಿಸಿದಾಗ, ಫೋಕಸಿನ ಹಿಡಿ ಸರಿಸುತ್ತ ಸರಿಸುತ್ತ, ಬೆರಳು ಲೆನ್ಸಿನ ಮುಂದಕ್ಕೇ ಬಂದು ನಿಂತಿತ್ತು. ಕಿಂಡಿ ಬೇರೆ, ಲೆನ್ಸ್ ಬೇರೆ. ನನಗೆ ಗೊಂಡೆ ಸ್ಪಷ್ಟವಾಗಿ ಕಾಣುತ್ತಲೇ ಇತ್ತು.

“ಕೆಳಗಿಂದಷ್ಟು ಕತ್ತರಿಸಿ ಇನ್ನೊಂದ ಮಾಡಿಕೊಡ್ತೇನಿ ಅಕ್ಕಾ.”

“ಕತ್ತರಿ ಸುದ್ದಿ ಬ್ಯಾಡೋ. ಸಾಕಾಗೇತಿ.” ಫೋಟೋವನ್ನು ದಿಂಬಿನ ಪಕ್ಕಕ್ಕೆ ಒರಗಿಸಿಟ್ಟಳು. “ಇರ್ಲಿ ಬಿಡು. ಹುಡುಗ್ರು ಕೇಳಿದ್ರ, ನಮ್ಮ ತಮ್ಮ ಸಾಲಿಗೆ ಹೊಂಟಿದ್ದ, ಗೊಂಡಿ ಹಿಡಕೊಂಡಿದ್ದ ಅಂತ ಹೇಳ್ತೇನಿ.”

ಚಿಕಿತ್ಸೆ ಇನ್ನೂ ನಡೆದಿದೆ. ಮುಂದೆ ಏನೇನು ಕೆಡಬಹುದೆಂದು ದಿನವೂ ಯೋಚಿಸುತ್ತಿರುತ್ತೇನೆ. ಫೋಟೋ ತೆಗೆದ ಭಾನುವಾರ ಮಾತ್ರ ಕೆಡಿಸಿದ್ದು ನನ್ನದೇ ಒಂದು ಬೆರಳು.