ಭಾವನಿಗೆ ಸುತ್ತಿಕೊಟ್ಟ ಕಾಯಿಲ್

ಕೋಟದಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು, ಮಿಕ್ಸಿ, ಫ್ಯಾನು ಬರುತ್ತವೆ. ಕರಿ ಹಿಡಿದ ಹಳೆ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಬೇರೆ ಕೆಲಸ ಮಾಡಿದವನಲ್ಲ. ಹಾಗಾಗಿ ತಂತಿಯಲ್ಲಿ ಎಷ್ಟು ಕರೆಂಟು ಹರಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ನನ್ನ ಅಕ್ಕನ ಗಂಡ, ಬಸ್ರೂರಿನ ಭಾವ, ಮೀಸೆ ಮೂಡುವ ಮೊದಲೇ ಬೊಂಬಾಯಿಯ ಹೋಟೆಲಿನ ಒಲೆ ಮುಂದೆ ನಿಂತವರು. ಊರಿಗೆ ಬಂದ ಮೇಲೆ ಮದುವೆ, ಉಪನಯನಗಳ ಅಡಿಗೆಗೆ ಹೋಗುತ್ತಿದ್ದರು. ಇನ್ನೂರು ಜನರ ಸಾರಿಗೆ ಉಪ್ಪು ಹಾಕಿ ರುಚಿ ನೋಡದೆ ಕೆಳಗಿಳಿಸುವ ಕೈ. ಒಂದೇ ಚಟ, ಸಿಗರೇಟು. ಆ ವರ್ಷ ಕೆಮ್ಮು ಎಳೆದು ಎಳೆದು ಬರತೊಡಗಿತು. ಇನ್ನು ಸಿಗರೇಟು ಮುಟ್ಟಿದರೆ ತನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಗದರಿದರಂತೆ. ಅಕ್ಕ ನನ್ನೆದುರೇ ಅತ್ತಳು. ಭಾವ ಅಂಗಳಕ್ಕೆ ಹೋಗಿ ನಿಂತರು.

ಅದಾಗಿ ತಿಂಗಳಿಗೆ ಅಂಗಡಿ ಬಾಗಿಲಲ್ಲಿ ಅವರ ಸ್ವರ ಕೇಳಿತು.

"ಹ್ವಾಯ್, ಒಳ್ಗೆ ಇದ್ಯಾ?"

ಬಂದವರೇ ಹಿತ್ತಾಳೆಯ ಒಂದು ಕೊಳವೆಯನ್ನು ಮೇಜಿನ ಮೇಲಿಟ್ಟರು. ಸಣ್ಣ ಟಾರ್ಚಿನಷ್ಟು ಉದ್ದ, ಕೈಗೆ ಭಾರ.

"ಕಾಣ್ ಮಾರಾಯ, ಬೊಂಬಾಯಿ ದೋಸ್ತ್ ಒಬ್ಬ ಕೊಟ್ಟದ್. ಸಿಗರೇಟ್ ಬಿಡುಕೆ. ಇದ್ರಂಗೆ ಬೆಂಕಿ ಇಲ್ಲ, ಬೂದಿ ಇಲ್ಲ, ಬರೀ ಹೊಗಿ."

ನಾನು ಬಿಚ್ಚಿ ನೋಡಿದೆ. ಕೆಳಗೆ ಸೆಲ್ ಕೂರುವ ಜಾಗ, ಬುಡದಲ್ಲಿ ಒತ್ತುವ ಗುಂಡಿ. ಮೇಲಿನ ಮುಚ್ಚಳದೊಳಗೆ ಎರಡು ಕಂಬ, ಆ ಕಂಬಗಳ ನಡುವೆ ಎಳ್ಳಷ್ಟು ದಪ್ಪದ ತಂತಿಯ ಸುರುಳಿ, ಅಂದರೆ ಕಾಯಿಲ್, ಅದರೊಳಗೆ ಹತ್ತಿ. ಹತ್ತಿಗೆ ಎಂತದೋ ಸಿಹಿ ವಾಸನೆಯ ರಸ ಹಾಕಿ ಗುಂಡಿ ಒತ್ತಿದರೆ ಸುರುಳಿ ಕಾಯುತ್ತದೆ, ರಸ ಹೊಗೆಯಾಗುತ್ತದೆ. ಅಷ್ಟೇ. ಫ್ಯೂಸು ಇಲ್ಲ, ಸರ್ಕ್ಯೂಟು ಇಲ್ಲ. ಹತ್ತು ಎಚ್‌ಪಿ ಪಂಪಿಗಾದರೂ ಸ್ಟಾರ್ಟರ್ ಇರುತ್ತದೆ, ಹೆಚ್ಚು ಎಳೆದರೆ ಟ್ರಿಪ್ ಆಗುತ್ತದೆ. ಇದರಲ್ಲಿ ಸೆಲ್ಲಿಗೂ ಸುರುಳಿಗೂ ನಡುವೆ ಮನುಷ್ಯನ ಬೆರಳು ಬಿಟ್ಟು ಬೇರೇನಿಲ್ಲ.

"ಇದಕ್ಕೊಂದ್ ತಂತಿ ಸುತ್ತಿ ಕೊಡ್. ಇದ್ದದ್ ಸುಟ್ಟ್ ಹೋಯ್ತ್. ಸೆಲ್ಲೂ ಸತ್ತಿತ್ತ್."

ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಲ್ಯಾಪ್‌ಟಾಪಿನ ಬ್ಯಾಟರಿ ಇತ್ತು. ಒಡೆದರೆ ಒಳಗೆ ಆರು ಸೆಲ್ಲು, ಹಸಿರು ಪ್ಲಾಸ್ಟಿಕ್ಕಿನ ಅಂಗಿ ತೊಟ್ಟು ಸಾಲಾಗಿ ಕೂತಿದ್ದವು. ಒಂದನ್ನು ಬಿಡಿಸುವಾಗ ಚಾಕು ತಾಗಿ ಅದರ ಅಂಗಿ ಬಾಯಿಯ ಹತ್ತಿರ ಹರಿಯಿತು. ಇಂಥ ಸೆಲ್ಲಿಗೆ ಆ ಪ್ಲಾಸ್ಟಿಕ್ಕೇ ರಕ್ಷೆ. ಮೇಲಿನ ಪುಟ್ಟ ಬೊಟ್ಟೊಂದು ಪ್ಲಸ್, ಉಳಿದ ಮೈಯೆಲ್ಲ ಮೈನಸ್, ಎರಡೂ ಕೂಡಿದರೆ ಶಾರ್ಟ್. ಇನ್ನೊಂದನ್ನು ತೆಗೆಯಬಹುದಿತ್ತು. ಆದರೆ ಮೀಟರಿಗೆ ಹಿಡಿದಾಗ ಚೆನ್ನಾಗಿ ವೋಲ್ಟೇಜು ತೋರಿಸಿದ್ದು ಆ ಅಂಗಿ ಹರಿದದ್ದೇ. ಹರಿದಲ್ಲಿಗೆ ಕರಿ ಟೇಪು ಸುತ್ತಿದೆ. ಸುರುಳಿಗೆ ಹಳೆ ಹೀಟರಿನ ನೈಕ್ರೋಮ್ ತಂತಿ ಎಳೆದು ಮೊಳೆಯ ಮೇಲೆ ಎಂಟು ಸುತ್ತು ಸುತ್ತಿದೆ. ಅದರ ತಡೆ ಒಂದೂವರೆ ಓಮ್ ಬಂತು. ತಡೆ ಕಡಿಮೆಯಾದಷ್ಟೂ ಹರಿಯುವ ಕರೆಂಟು ಹೆಚ್ಚು. ನನ್ನ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ ಸೊನ್ನೆ ಪಾಯಿಂಟ್ ಮೂರು ತೋರಿಸುತ್ತದೆ, ಅದನ್ನು ಕಳೆದೆ. ಉಳಿದದ್ದು ಒಂದು ಪಾಯಿಂಟ್ ಎರಡು. ಮೂರೂವರೆ ಆಂಪಿಯರ್ ಹೋದೀತು. ಆ ಸೆಲ್ಲು ಐದರವರೆಗೆ ತಾಳುವ ಜಾತಿ. ಸರಿ ಎಂದು ಕೊಟ್ಟೆ.

ವಾರ ಕಳೆಯುವುದರೊಳಗೆ ಭಾವ ಮತ್ತೆ ಬಂದರು.

"ಹೊಗಿ ಸಾಲ್ದ್ ಮಾರಾಯ. ಎದಿಗೆ ತಾಗುದೇ ಇಲ್ಲ. ತಾಗ್ದಿದ್ರೆ ಕೈ ಮತ್ತ್ ಸಿಗರೇಟಿಗೇ ಹೋತ್ತ್."

"ಭಾವ, ಇದ್ ಲ್ಯಾಪ್‌ಟಾಪಿನ ಸೆಲ್. ಜಾಸ್ತಿ ಎಳೂಕೆ ಆತಿಲ್ಲ. ಬಿಸಿ ಆತ್ತ್."

"ಬಿಸಿ? ನಾನ್ ಮೂವತ್ ವರ್ಷ ಒಲಿ ಎದ್ರ್ ನಿಂತವ. ಬಿಸಿಗ್ ಹೆದರುದಾ?"

ಅವರು ನಗುತ್ತಿದ್ದರು. ಹದಿನೆಂಟು ದಿನವಾಗಿತ್ತು ಸಿಗರೇಟು ಮುಟ್ಟದೆ. ಮನೆಯಲ್ಲಿ ಅಕ್ಕ ಅದನ್ನು ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಇಟ್ಟಿದ್ದಾಳೆಂದು ನನಗೆ ಗೊತ್ತಿತ್ತು. ಈಗ ಇಲ್ಲವೆಂದರೆ ಅದು ಮುರಿಯುತ್ತದೆ ಎಂದುಕೊಂಡೆ. ಎರಡು ತಂತಿ ಜೋಡಿಸಿ ಐದೇ ಸುತ್ತು ಸುತ್ತಿದೆ. ಮೀಟರು ಸೊನ್ನೆ ಪಾಯಿಂಟ್ ಏಳು ತೋರಿಸಿತು. ಈ ಸಲ ಕಡ್ಡಿಗಳ ಆ ಪಾಯಿಂಟ್ ಮೂರನ್ನು ಕಳೆಯಲಿಲ್ಲ. ಮರೆತದ್ದಲ್ಲ. ಕಳೆದರೆ ನಾಲ್ಕು ಉಳಿಯುತ್ತದೆ, ನಾಲ್ಕಾದರೆ ಹತ್ತು ಆಂಪಿಯರ್, ಹತ್ತು ಆಂಪಿಯರ್ ಎಂದರೆ ಆ ಹಳೆ ಸೆಲ್ಲು ತಾಳುವುದಕ್ಕಿಂತ ಎರಡು ಪಟ್ಟು. ಮನಸ್ಸಿನಲ್ಲೇ ಅಷ್ಟೂ ಲೆಕ್ಕ ಬಂದು ಹೋಯಿತು. ಏಳಾದರೆ ಆರೇ ಆಂಪಿಯರ್, ಒಂದೇ ಹೆಚ್ಚು. ಏಳು ಎಂದೇ ಇಟ್ಟುಕೊಂಡೆ.

"ಒತ್ತಿ ಹಿಡ್ಕಂಬುಕಾಗ. ಕಿಸಿಯಂಗೆ ಹಾಕುವಾಗ ಬುಡದ ಬಳಿ ತಿರುಗಿಸಿ ಲಾಕ್ ಮಾಡಿ," ಎಂದೆ.

ಭಾವ ಗುಂಡಿ ಒತ್ತಿ ಎಳೆದರು. ಅಂಗಡಿ ತುಂಬ ಬಿಳಿ ಹೊಗೆ. "ಇದ್ ಕಾಣ್ ಹೊಗಿ ಅಂದ್ರೆ!" ಎಂದು ನನ್ನ ಬೆನ್ನಿಗೆ ಹೊಡೆದರು.

ಅದೇ ಬೊಂಬಾಯಿ ದೋಸ್ತ್ ರೈಲಿನಲ್ಲಿ ಬರುತ್ತಾರೆಂದು ಒಂದು ಮಧ್ಯಾಹ್ನ ನಾವಿಬ್ಬರೂ ಬೈಂದೂರು ಸ್ಟೇಷನ್ನಿಗೆ ಹೋದೆವು. ರೈಲು ತಡ. ಸೆಖೆ. ಭಾವ ಆಚೆ ಹೋಗಿ ನಾಲ್ಕು ಸಲ ಎಳೆದು, ಕೊಳವೆಯನ್ನು ಪ್ಯಾಂಟಿನ ಬಲಗಿಸೆಗೆ ಹಾಕಿಕೊಂಡು ಬಂದು ಕಲ್ಲುಬೆಂಚಿನ ಮೇಲೆ ಕೂತರು. ಲಾಕ್ ಮಾಡಿರಲಿಲ್ಲ. ಕೂತಾಗ ಗುಂಡಿ ತೊಡೆಗೆ ಒತ್ತಿಕೊಂಡಿರಬೇಕು. ಮಗಳ ಕಾಲೇಜಿನ ವಿಷಯ ಏನೋ ಹೇಳುತ್ತಿದ್ದವರು ತಟ್ಟನೆ ನಿಲ್ಲಿಸಿದರು.

"ಎಂತದೋ ಸುಡ್ತಿತ್ತ್ ಮಾರಾಯ."

ನಾನು ಏಳುವುದರೊಳಗೆ ಕುಕ್ಕರಿನ ಹಾಗೆ ಸೀಟಿಯ ಸದ್ದು. ಅವರು ಕಿಸೆಗೆ ಕೈ ಹಾಕಿದರು. ಹಾಕಬಾರದಿತ್ತು. ಕೊಳವೆಯನ್ನು ಹಿಡಿದು ಎಳೆದು ಹಳಿಯ ಕಡೆ ಎಸೆದರು. ಗಾಳಿಯಲ್ಲೇ ಅದರ ಬುಡದಿಂದ ಬೆಂಕಿ ಉಗುಳಿತು. ಪ್ಯಾಂಟಿನ ಬಟ್ಟೆ ತೊಡೆಗೆ ಅಂಟಿ ಹೊಗೆಯಾಡುತ್ತಿತ್ತು. ಯಾರೋ ಹೆಂಗಸು ತನ್ನ ನೀರಿನ ಬಾಟಲಿ ಸುರಿದಳು. ನಾನು ಸ್ಟೇಷನ್ನಿನ ನಲ್ಲಿಯಿಂದ ಬಕೆಟಿನಲ್ಲಿ ನೀರು ತಂದು ತಂದು ಹೊಯ್ದೆ. ಭಾವ ತಮ್ಮ ಬಲಗೈಯನ್ನೇ ನೋಡುತ್ತ ಕೂತಿದ್ದರು.

ಕುಂದಾಪುರದ ಆಸ್ಪತ್ರೆಯಲ್ಲಿ ನೋಡಿ, ಮುಂದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸ್ ಬ್ರಹ್ಮಾವರ ದಾಟುವಾಗ ಭಾವ ಎಡಗೈಯಿಂದ ನನ್ನ ಅಂಗಿ ಹಿಡಿದೆಳೆದರು.

"ಅಕ್ಕನ ಹತ್ರ ನೀನ್ ಸುತ್ತಿದ್ದ್ ಅಂದ್ ಹೇಳ್ಬೇಡ. ಬೊಂಬಾಯಿ ಸಾಮಾನ್, ಒಡ್ದ್ ಹೋಯ್ತ್. ಅಷ್ಟೇ."

ನಾನು ಹೂಂ ಎಂದೆ. ಆಗ ನನಗಾದದ್ದು ಸಮಾಧಾನ. ಅದನ್ನು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ.

ತೊಡೆಗೆ ಬೇರೆ ಕಡೆಯ ಚರ್ಮ ತೆಗೆದು ಹಾಕಿದರು. ಅದು ವಾಸಿಯಾಯಿತು. ಬಲಗೈಯ ತೋರುಬೆರಳು, ನಡುಬೆರಳು ಮಾತ್ರ ಮಡಚಲು ಬರಲಿಲ್ಲ. ಭಾವ ಒಂದೆರಡು ಮದುವೆಗೆ ಹೋಗಿ ನೋಡಿದರು. ಸಟ್ಟುಗ ಹಿಡಿದು ಹತ್ತು ಸಲ ತಿರುಗಿಸುವಷ್ಟರಲ್ಲಿ ಜಾರುತ್ತಿತ್ತು. ಆಮೇಲೆ ಹೋಗಲಿಲ್ಲ. ಮನೆಗೆ ಬಂದ ಎರಡನೇ ವಾರ ಸಿಗರೇಟು ಶುರುವಾಯಿತು. ಎಡಗೈಯಲ್ಲಿ ಸೇದುವುದನ್ನು ಕಲಿತರು. ಈ ಸಲ ಅಕ್ಕ ಬೇಡವೆನ್ನಲಿಲ್ಲ.

ಏನು ಕಾರಣವೆಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಟೇಪು ಬಿಸಿಗೆ ಜಾರಿತೋ, ಐದು ಸುತ್ತಿನ ತಂತಿಯೇ ಸೆಲ್ಲನ್ನು ಕೊಂದಿತೋ, ಲಾಕ್ ಮರೆತದ್ದೋ. ಎಂಟು ಸುತ್ತು ಇದ್ದಿದ್ದರೆ ಬರೀ ತೊಡೆ ಚುರ್ ಎಂದು ಅವರು ಎದ್ದು ನಿಲ್ಲುತ್ತಿದ್ದರೇನೋ. ಗೊತ್ತಿಲ್ಲ. ಉಳಿದ ಐದು ಸೆಲ್ಲುಗಳ ತುದಿಗೆ ಟೇಪು ಹಚ್ಚಿ ಒಣ ಮರಳಿನ ಡಬ್ಬದಲ್ಲಿ ಹಾಕಿ ಅಂಗಡಿಯ ಹಿಂದೆ ಇಟ್ಟಿದ್ದೆ. ಟಾರ್ಚಿಗೆ ಬೇಕೆಂದು ಕೇಳಿದವರಿಗೂ ಕೊಡಲಿಲ್ಲ.

ಮೂರು ಮಳೆಗಾಲ ಕಳೆದ ಮೇಲೆ ಭಾವ ತೀರಿಕೊಂಡರು. ಉಬ್ಬಸ. ಕೊನೆಯವರೆಗೂ ನನ್ನನ್ನು ದೂರಿ ಒಂದು ಮಾತು ಆಡಲಿಲ್ಲ.

ವರ್ಷಾಂತದ ಶ್ರಾದ್ಧ ಮುಗಿದ ಮೇಲೆ ಒಂದು ದಿನ ಅಕ್ಕ ಅವರ ದೊಡ್ಡ ಪಾತ್ರೆಗಳನ್ನು ಯಾರಿಗೋ ಕೊಡಲೆಂದು ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಳು. ನಾನು ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಟೇಪು, ಐದು ಸುತ್ತು, ಕಳೆಯದೇ ಬಿಟ್ಟ ಮೂರು, ಎಲ್ಲ. ಅವಳ ಕೈ ನಿಂತಿತು.

"ಅವ್ರ್ ಕೇಂಡ್ರ್ ಅಂದ್ ಮಾಡ್ದ್ಯಾ?"

"ಹೌದ್."

"ಆದ್ರ್ ನಿಂಗ್ ಗೊತ್ತಿತ್ತಲ್ದಾ?"

"ಗೊತ್ತಿತ್ತ್."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಪಾತ್ರೆಯನ್ನು ಮಗುಚಿಟ್ಟು, "ಉಂಡ್ಕಂಡ್ ಹೋಗ್," ಎಂದಳು. ಬಡಿಸಿದಳು. ನಾನು ಉಣ್ಣುವಾಗ ಎದುರು ಕೂರಲಿಲ್ಲ, ಯಾವತ್ತೂ ಕೂರುತ್ತಿದ್ದವಳು. ಆ ವರ್ಷದ ದೀಪಾವಳಿಗೆ ನಮ್ಮ ಮನೆಗೆ ಬರಲಿಲ್ಲ. ಮರುವರ್ಷ ಬಂದಳು. ನನ್ನ ಹೆಂಡತಿಯ ಹತ್ತಿರ ಮಾತಾಡಿದಳು, ಮಕ್ಕಳ ಹತ್ತಿರ ಮಾತಾಡಿದಳು. ಹೋಗುವಾಗ ಬಸ್ಸಿನವರೆಗೆ ಬಿಡಲು ಹೋದೆ. ದಾರಿಯಲ್ಲಿ ಇಬ್ಬರೂ ಬಿಸಿಲಿನ ವಿಷಯ ಮಾತಾಡಿದೆವು.