ಒಂದೇ ಚಾರ್ಜಿನ ಅಕ್ಕತಂಗಿ

ಅಕ್ಕ ಸುರಪುರದಲ್ಲಿ, ನಾನು ಯಾದಗಿರಿಯಲ್ಲಿ. ನಡುವೆ ಶಹಾಪುರ. ಅವ್ವ ತೀರಿಕೊಂಡ ಮೇಲೆ ನಾವಿಬ್ಬರೂ ಮಾತು ಬಿಟ್ಟೆವು.

ಅವ್ವನಿಗೆ ಉಸಿರಾಟದ ತೊಂದರೆ ಹೆಚ್ಚಾದಾಗ ಮನೆಯಲ್ಲೇ ಇರಲಿ ಎಂದಳು ಅಕ್ಕ. ನಾನು ಹಟ ಹಿಡಿದು ಕಲಬುರಗಿಯ ಆಸ್ಪತ್ರೆಗೆ ಒಯ್ದೆ. ಐಸಿಯು ಒಳಗೆ ಯಾರನ್ನೂ ಬಿಡಲಿಲ್ಲ. ಅವ್ವ ಗಾಜಿನ ಬಾಗಿಲಿನ ಆಚೆ ಜೀವ ಬಿಟ್ಟಳು, ನಾವು ಈಚೆ ನಿಂತಿದ್ದೆವು. ಮಣ್ಣು ಮಾಡಿ ಬಂದ ದಿನ ಅಕ್ಕ ನೆರೆದವರ ಎದುರಿಗೇ, "ನಿನ್ನ ಓದು ಸುಡ್ಲಿ, ಅಕಿನ್ನ ಒಬ್ಬಾಕಿನ್ನೇ ಸಾಯಾಕ ಬಿಟ್ಟಿ" ಎಂದಳು. ನಾನೇನು ಸುಮ್ಮನಿರುವವಳೇ? ನಾನೂ ಅಂದೆ. ಇಬ್ಬರಿಗೂ ಸಿಟ್ಟು ಮೂಗಿನ ತುದಿಯಲ್ಲೇ. ಬದುಕಿದ್ದಾಗ ನಮ್ಮ ಜಗಳ ಬಿಡಿಸಿ ಸಾಕಾಗಿ ಅವ್ವ, "ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ" ಎನ್ನುತ್ತಿದ್ದಳು.

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಬೇಕೆಂದರೆ ದೂರದ ಊರಿಗೆ ವರ್ಗ ಮಾಡಿಸಿಕೊಳ್ಳಬಹುದಿತ್ತು. ಅಕ್ಕನೂ ಶಾಲೆಯ ಟೀಚರು, ಅವಳಿಗೂ ದಾರಿಯಿತ್ತು. ಇಬ್ಬರೂ ಜಾಗ ಬಿಟ್ಟು ಅಲುಗಲಿಲ್ಲ. ಒಮ್ಮೆ ಶಹಾಪುರದಲ್ಲಿ ಬಳಗದ ಮದುವೆ. ಊಟದ ಪಂಕ್ತಿಯಲ್ಲಿ ಅವಳು ಆ ಸಾಲು, ನಾನು ಈ ಸಾಲು. ಬಡಿಸುವವನಿಗೆ ಅವಳು ಹೇಳಿದ್ದು ಕೇಳಿತು: "ಅಲ್ಲಿ ಕುಂತಾಕಿಗೆ ಇನ್ನೊಂದು ಹೋಳಿಗಿ ಹಾಕ್ರಿ." ನನ್ನ ಕಡೆ ಮಾತ್ರ ನೋಡಲಿಲ್ಲ. ನಾನು ಹೋಳಿಗೆ ತಿಂದು ಕೈ ತೊಳೆದು ಬಂದೆ.

ಅಕ್ಕನ ಗಂಡ ತೀರಿಹೋಗಿದ್ದಾನೆ, ಮಕ್ಕಳಿಲ್ಲ. ನಾನು ಮದುವೆಯಾಗಲಿಲ್ಲ. ಅವಳನ್ನು ಬಿಟ್ಟರೆ ನನಗೆ ನನ್ನವರೆಂದು ಇನ್ನೊಬ್ಬರಿಲ್ಲ. ಒಬ್ಬಳಿಗಾಗಿ ಹಿಟ್ಟು ನಾದಿ ರೊಟ್ಟಿ ಬಡಿಯುವುದು ಬಲು ಬೇಸರದ ಕೆಲಸ. ಭಾನುವಾರ ಇಡೀ ದಿನ ನನ್ನ ದನಿ ನನಗೇ ಕೇಳುವುದಿಲ್ಲ. ಸೋಮವಾರ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಗಂಟಲು ಕಟ್ಟಿರುತ್ತದೆ.

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಕಲಿಸುತ್ತೇನೆ. ವಿದ್ಯುತ್ ಚಾರ್ಜಿನ ಪಾಠ ನಡೆದಿತ್ತು. ಮೊಬೈಲಿನಲ್ಲಿ ಕಪ್ಪು ಕುಳಿಯ ವಿಡಿಯೊ ನೋಡಿಬಂದ ಗೋಗಿ ಊರಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಬ್ಲ್ಯಾಕ್ ಹೋಲಿನಿಂದ ಬೆಳಕೇ ಹೊರಗ ಬರಂಗಿಲ್ಲಂತ. ಮತ್ತ ಅದಕ್ಕ ಚಾರ್ಜ್ ಐತಂತ ಹೊರಗಿನವ್ರಿಗೆ ಹ್ಯಾಂಗ ಗೊತ್ತಾಗ್ತದ್ರಿ?"

ಸಿಲೆಬಸ್ಸಿನಲ್ಲಿ ಇಲ್ಲದ್ದನ್ನು ಕೇಳಿದರೆ ನನಗೆ ರೇಗುತ್ತದೆ, ಖುಷಿಯೂ ಆಗುತ್ತದೆ. ಹೇಳಿದೆ: ಒಳಗೆ ಬಿದ್ದದ್ದು ಏನು, ಎಂಥದು ಎಂಬುದೆಲ್ಲ ಅಳಿಸಿಹೋಗುತ್ತದೆ. ಆದರೆ ಅದರ ತೂಕದ ಸೆಳೆತ, ಚಾರ್ಜಿನ ಪ್ರಭಾವ ಹೊರಗೆ ಉಳಿದಿರುತ್ತವೆ. ಹತ್ತಿರ ಸುಳಿದವರಿಗೆ ತಟ್ಟುತ್ತವೆ.

"ಒಂದೇ ಥರದ ಚಾರ್ಜ್ ಇರೋ ಎರಡು ಬ್ಲ್ಯಾಕ್ ಹೋಲ್ ಬಾಜೂಕ ಬಾಜೂಕ ಇದ್ರ?"

ಗುರುತ್ವ ಎಳೆಯುತ್ತದೆ, ಚಾರ್ಜ್ ನೂಕುತ್ತದೆ. ಎರಡರಲ್ಲೂ ಅವುಗಳ ತೂಕ ತಾಳಬಲ್ಲಷ್ಟೂ ಚಾರ್ಜ್ ತುಂಬಿದ್ದರೆ ಎಳೆತ, ನೂಕು ಸರಿಸಮವಾಗಿ, ಎಷ್ಟೇ ಅಂತರವಿದ್ದರೂ ಇದ್ದಲ್ಲೇ ನಿಲ್ಲುತ್ತವೆ. ಹತ್ತಿರ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಬೋರ್ಡಿನ ಮೇಲೆ ಎರಡು ವೃತ್ತ ಬರೆದು ಬಾಣ ಹಾಕುತ್ತಿದ್ದವಳಿಗೆ ಮುಂದೆ ಕೈ ಓಡಲಿಲ್ಲ.

"ಹಂಗ ಎಷ್ಟ ದಿನಾ ನಿಂತಿರ್ತಾವ್ರಿ?" ಎಂದಳು ಹುಡುಗಿ.

"ಲೆಕ್ಕದಾಗ ಎಷ್ಟ ದಿನಾ ಬೇಕಾದ್ರೂ ನಿಲ್ತಾವವ್ವಾ. ಖರೇ ಆಕಾಶದಾಗ ಹಂಗಾಗಂಗಿಲ್ಲ. ಸುತ್ತಲಿಂದ ಉಲ್ಟಾ ಚಾರ್ಜ್ ಬಂದು ಬಿದ್ದು ಇದ್ದದ್ದು ಕಡಿಮಿ ಆಗ್ತದ. ಗುರುತ್ವಕ್ಕ ಉಲ್ಟಾ ಅನ್ನೂದು ಇಲ್ಲ, ಅದು ಕಡೀತನಕ ಎಳೀತದ."

ಕಣ್ಣಿಗೆ ಸೀಮೆಸುಣ್ಣದ ಪುಡಿ ಬಿತ್ತೆಂದು ಸುಳ್ಳು ಹೇಳಿ ವರಾಂಡಕ್ಕೆ ಬಂದು ನಿಂತೆ. ಅಕ್ಕ ನೆನಪಾದಳು ಎಂದರೆ ಕಡಿಮೆಯಾಯಿತು. ಅವಳು ಬೇಕೆನಿಸಿತು, ಈಗಿಂದೀಗಲೇ.

ಆದರೂ ಹೊರಟದ್ದು ಮುಂದಿನ ಭಾನುವಾರ. ಶಹಾಪುರ ದಾಟುವಾಗ ಕಿಟಕಿಯಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಹಾದುಹೋಯಿತು. ಅಲ್ಲೇ ಇಳಿದು ಮರಳಿಬಿಡಲೇ ಎಂದೂ ಅನಿಸಿತು.

ಅಕ್ಕ ಬಾಗಿಲು ತೆರೆದಳು. ಕೂದಲು ಪೂರಾ ನೆರೆತಿತ್ತು.

"ಯಾಕ ಬಂದಿ?"

"ಸುಮ್ನ."

ನೀರು ಕೊಟ್ಟಳು. ಚಹಾ ತಂದಿಟ್ಟು, "ಸಕ್ಕರಿ ಹಾಕಿಲ್ಲ. ನಿನಗೂ ಶುಗರ್ ಬಂದಿರ್ಬೇಕು" ಎಂದಳು.

"ನನಗ್ಯಾಕ ಬರ್ತದ?"

"ಅವ್ವಗಿತ್ತಲ್ಲ."

ಅವ್ವನ ಹೆಸರು ಬಂದದ್ದೇ ಇಬ್ಬರ ಮುಖವೂ ಬಿಗಿಯಿತು. ಸಪ್ಪನೆಯ ಚಹಾ ಅರ್ಧಕ್ಕೇ ಬಿಟ್ಟೆ. ಇನ್ನೊಂದು ಮಾತಾಡಿದರೆ ಹಳೆಯದೆಲ್ಲ ಮೇಲೆ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನಾನು ಎದ್ದು ಚೀಲ ಹೆಗಲಿಗೆ ಹಾಕಿಕೊಂಡೆ.

ಅವಳು ಗೋಡೆ ನೋಡುತ್ತಾ, "ಈಗ ಯಾದಗಿರಿ ಬಸ್ಸಿಲ್ಲ" ಎಂದಳು.

ಹೊರಗೆ ಇನ್ನೂ ರಣಬಿಸಿಲು. ಅವಳ ಮನೆ ಬಸ್‌ಸ್ಟ್ಯಾಂಡಿನ ಬೆನ್ನಿಗೇ ಇದೆ. "ಶಹಾಪುರ, ಯಾದಗಿರಿ, ಯಾದಗಿರಿ" ಎಂದು ಕಂಡಕ್ಟರ್ ಕೂಗುತ್ತಿದ್ದದ್ದು ಇಬ್ಬರಿಗೂ ಕೇಳಿತು.

"ಹೌದ್ ನೋಡಕ್ಕಾ, ಇಲ್ಲ" ಎಂದು ಚೀಲ ಕೆಳಗಿಟ್ಟೆ.